ಮೀಟಿದ ಮೇಲೆ

ಎದುರು ಮನೆಯ ಮಹಡಿಯಲ್ಲಿ ಒಬ್ಬ ಹುಡುಗಿ ಈ ವಾರವೆಲ್ಲ ಗಿಟಾರಿನ ಒಂದೇ ತಂತಿ ಮೀಟುತ್ತಿದ್ದಾಳೆ. ಹಾಡೇನೂ ನುಡಿಸುತ್ತಿಲ್ಲ. ಒಂದು ಸ್ವರ ಹಿಡಿದು, ಬೆರಳನ್ನು ಅಲ್ಲೇ ನಡುಗಿಸಿ, ಅದು ಆರುವ ತನಕ ಕಾದು, ಮತ್ತೆ ಮೀಟುತ್ತಾಳೆ.

ಮೀಟುವ ವಾದ್ಯಗಳ ಸಂಕಟವೇ ಅದು. ಪಿಟೀಲಿಗೆ ಕಮಾನಿದೆ, ಕೊಳಲಿಗೆ ಉಸಿರಿದೆ. ಗಿಟಾರಿನ ಸ್ವರ ಮಾತ್ರ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ನನಗೆ ಪ್ರಿಯರಾದ ಗಿಟಾರ್ ವಾದಕರನ್ನು ನೆನೆದುಕೊಂಡರೆ, ಬ್ಲೂಸ್ ಇರಲಿ, ಜಾಝ್ ಇರಲಿ, ಹಿಂದೂಸ್ತಾನಿ ಇರಲಿ, ಅವರೆಲ್ಲ ಈ ಸಂಕಟಕ್ಕೆ ತಮ್ಮದೇ ದಾರಿ ಹುಡುಕಿಕೊಂಡವರು ಅನ್ನಿಸುತ್ತದೆ.

ಅಮೆರಿಕದ ಮಿಸಿಸಿಪಿಯಲ್ಲಿ ಹುಟ್ಟಿದ ಬಿ. ಬಿ. ಕಿಂಗ್ ಅವರನ್ನೇ ನೋಡಿ. ಅವರ ಬಂಧು ಬುಕ್ಕಾ ವೈಟ್ ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ನುಡಿಸುತ್ತಿದ್ದರು. ಆ ನಾದಕ್ಕೆ ಕಿಂಗ್ ಮನಸೋತರು. ಆದರೆ ಕೊಳವೆ ಅವರ ಕೈಗೆ ಒಗ್ಗಲಿಲ್ಲ. ಆ ಕಂಪನವನ್ನು ಬರಿಬೆರಳಲ್ಲೇ ತರಬೇಕೆಂದು ತಂತಿಯನ್ನು ಒತ್ತಿಹಿಡಿದು ಕೈಯನ್ನೇ ನಡುಗಿಸತೊಡಗಿದರು; ಆಗ ಇಡೀ ಅಂಗೈ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಹಾಡುವಾಗ ಅವರು ನುಡಿಸುತ್ತಿರಲಿಲ್ಲ. ದನಿ ನಿಂತ ಮೇಲೆ ಅವರ ಗಿಟಾರು, ಅದಕ್ಕೆ ‘ಲೂಸಿಲ್’ ಎಂದು ಹೆಸರಿಟ್ಟಿದ್ದರು, ಮಾತು ಮುಂದುವರಿಸುತ್ತಿತ್ತು. ಎಷ್ಟೋ ಸಲ ಒಂದೇ ಸ್ವರ. ಅದರಲ್ಲೇ ನನಗೆ ಹೊಟ್ಟೆ ತುಂಬುತ್ತದೆ.

ಜಾಝ್ ವಾದಕ ಜಾಂಗೋ ರೈನ್‌ಹಾರ್ಟ್ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. 1928ರಲ್ಲಿ ಅವರು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಊನವಾದವು. ಉಳಿದೆರಡೇ ಬೆರಳು ತಂತಿಯುದ್ದಕ್ಕೂ ಓಡಿದವು. ಆರುವ ಸ್ವರಕ್ಕಾಗಿ ಅವರು ಮರುಗಲಿಲ್ಲ; ಅದು ಆರುವ ಮುಂಚೆಯೇ ಇನ್ನೊಂದನ್ನು ತಂದಿಟ್ಟರು.

ನಾನು ಹೆಚ್ಚು ಹೊತ್ತು ಕೂರುವುದು ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸಿದ ಬ್ರಿಜ್ ಭೂಷಣ್ ಕಾಬ್ರಾ ಅವರ ಬಳಿ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುತ್ತಾರೆ. ಮಾಮೂಲಿ ಗಿಟಾರಿನ ಮೆಟ್ಟಿಲುಗಳು ಅಷ್ಟು ಎಳೆತಕ್ಕೆ ಅವಕಾಶ ಕೊಡುವುದಿಲ್ಲ. ಕಾಬ್ರಾ ಹವಾಯಿಯವರ ಹಾಗೆ ಗಿಟಾರನ್ನು ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿದರು. ಮೆಟ್ಟಿಲುಗಳ ತಡೆಯೇ ಉಳಿಯಲಿಲ್ಲ; ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸರಾಗವಾಗಿ ಹರಿಯಿತು. ಅವರ ಗುರು ಅಲಿ ಅಕ್ಬರ್ ಖಾನ್, ಸರೋದ್ ವಾದಕರು. ಸರೋದಿಗೂ ಮೆಟ್ಟಿಲುಗಳಿಲ್ಲ.

1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಕಾಬ್ರಾ ಜೊತೆಗೆ ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು ಇವೆ. ಸಂತೂರಿನ ಪೆಟ್ಟು ಕ್ಷಣದ್ದು, ಕೊಳಲಿನ ಸ್ವರ ಉಸಿರಿರುವಷ್ಟು ಹೊತ್ತಿನದು. ಗಿಟಾರು ಇವೆರಡರ ನಡುವೆ ಕೂತು, ಒಮ್ಮೆ ಅದರ ಕಡೆ, ಒಮ್ಮೆ ಇದರ ಕಡೆ ವಾಲುತ್ತದೆ. ಶುರುವಾಗುವುದು ಅಹಿರ್ ಭೈರವದಿಂದ, ಕರ್ನಾಟಕ ಸಂಗೀತದ ಚಕ್ರವಾಕಕ್ಕೆ ತೀರ ಹತ್ತಿರದ ರಾಗ. ಬೆಳಗಿನ ರಾಗ. ಕೆಲಸಕ್ಕೆ ಹೊರಡಲು ಇನ್ನೂ ಹೊತ್ತಿದ್ದರೆ ಇವತ್ತೇ ಹಾಕಿಕೊಂಡು ಕೇಳಿ.