ನೌಕರನೊಡನೆ ಮೈಶುಚಿಯ ಮಾತು



ಅಹಮದಾಬಾದು ನಗರದ ಆಗ್ನೇಯ ಭಾಗದಲ್ಲಿರುವ ವಟ್ವಾ, ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ಹಳೆಯ ಕೈಗಾರಿಕಾ ವಸಾಹತುಗಳಲ್ಲೊಂದು. ಬಟ್ಟೆಗೆ ಹಾಕುವ ಬಣ್ಣಗಳನ್ನೂ, ಆ ಬಣ್ಣಗಳಿಗೆ ಮೂಲವಾದ ಎಚ್-ಆಸಿಡ್, ವಿನೈಲ್ ಸಲ್ಫೋನ್ ಮುಂತಾದ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳು ಅಲ್ಲಿ ನೂರಾರು. ದೂರದ ರಾಜ್ಯಗಳಿಂದ ಬಂದು ದುಡಿಯುವವರೂ ಅಲ್ಲಿ ಬಹಳ. ಪಾಳಿ ಮುಗಿಸಿ ಹೊರಬರುವವನ ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ, ಅಂಗಿಯ ಕಾಲರಿನಲ್ಲಿ ಬಣ್ಣ ಉಳಿದಿರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವ ಆ ಊರಿನಲ್ಲಿ ಅದಕ್ಕೆ ಬೆವರೂ ಸೇರುತ್ತದೆ. "ಅವನ ಪಕ್ಕದಲ್ಲಿ ನಿಲ್ಲಲಾಗುವುದಿಲ್ಲ" ಎಂಬ ದೂರು ಮೇಲ್ವಿಚಾರಕನ ಬಳಿಗೆ ಬರುವುದು ಇಂಥ ಕಡೆಗಳಲ್ಲಿ ಸಹಜ.

ದೂರು ಬಂದೊಡನೆ ಮೊದಲು ವಿಚಾರಿಸಬೇಕಾದುದು ಆ ವಾಸನೆ ಯಾವುದರದು ಎಂಬುದನ್ನು. ಬೆವರಿಗೆ ಸ್ವತಃ ವಾಸನೆ ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ವಿಭಜಿಸಿದಾಗ ವಾಸನೆ ಹುಟ್ಟುತ್ತದೆ. ಬಣ್ಣದ ಕಾರ್ಖಾನೆಯಲ್ಲಿ ಮೈಗೆ ಅಂಟಿದ ವಾಸನೆ ರಾಸಾಯನಿಕದ್ದೇ ಆಗಿರಬಹುದು. ಅನಿಲೀನ್ ಚರ್ಮದ ಮೂಲಕವೂ ರಕ್ತವನ್ನು ಸೇರಿ, ಆಮ್ಲಜನಕವನ್ನು ಒಯ್ಯುವ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ತುಟಿ ಉಗುರುಗಳು ನೀಲಿಗಟ್ಟುತ್ತವೆ. ಬಣ್ಣದ ಕಾರ್ಮಿಕರಲ್ಲಿ ಮೂತ್ರಕೋಶದ ಗಂತಿಗಳನ್ನು ಕಂಡು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ ವರದಿ ಮಾಡಿದ್ದು 1895ರಲ್ಲಿ. ಬೆಂಜಿಡೀನ್ ಎಂಬ ವಸ್ತು ಈ ಕ್ಯಾನ್ಸರಿಗೆ ಕಾರಣವೆಂದು ಅನಂತರ ಸಿದ್ಧಪಟ್ಟಿತು. ಅದರಿಂದ ತಯಾರಾಗುವ ಬಣ್ಣಗಳ ಬಳಕೆಯನ್ನು ಭಾರತದಲ್ಲಿ 1993ರಲ್ಲಿ ನಿಷೇಧಿಸಲಾಯಿತು. ಇಂಥ ಕಸುಬಿನ ರೋಗಗಳನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 1966ರಲ್ಲಿ ಆರಂಭವಾದದ್ದೂ ಅಹಮದಾಬಾದಿನಲ್ಲಿಯೇ. ಬದಲಿಸದೆ ಮನೆಗೆ ಹೋದ ಅಂಗಿಯು ಒಗೆಯುವ ಹೆಂಡತಿಯ ಕೈಗೂ, ಎತ್ತಿಕೊಂಡ ಮಗುವಿನ ಕೆನ್ನೆಗೂ ಅದೇ ಪುಡಿಯನ್ನು ಹಚ್ಚುತ್ತದೆ. ಮೂಗು ಮುಚ್ಚಿಕೊಂಡ ಸಹೋದ್ಯೋಗಿಯ ಕಷ್ಟ ಇದರ ಮುಂದೆ ಚಿಕ್ಕದು.

ಎರಡನೆಯ ವಿಚಾರಣೆ ಕಾರ್ಖಾನೆಯನ್ನು ಕುರಿತದ್ದು. ಇದನ್ನು ಮಾಡದೆ ಕಾರ್ಮಿಕನ ಮುಂದೆ ಬಾಯಿ ತೆರೆಯುವ ಅಧಿಕಾರ ಯಾವ ಮೇಲ್ವಿಚಾರಕನಿಗೂ ಇಲ್ಲ. ಕೈಕಾಲು ಮುಖ ತೊಳೆಯಲು ಸಾಕಷ್ಟು ಸೌಕರ್ಯವಿರಬೇಕು, ಸ್ತ್ರೀಪುರುಷರಿಗೆ ಮರೆಯುಳ್ಳ ಬೇರೆ ಬೇರೆ ಸ್ಥಳವಿರಬೇಕು, ಅದು ಸುಲಭವಾಗಿ ತಲುಪುವಂತಿದ್ದು ಚೊಕ್ಕಟವಾಗಿರಬೇಕು ಎಂದು 1948ರ ಕಾರ್ಖಾನೆಗಳ ಅಧಿನಿಯಮದ 42ನೆಯ ಪ್ರಕರಣ ವಿಧಿಸಿತ್ತು. ಅದರ ಸ್ಥಾನಕ್ಕೆಂದು ರಚಿತವಾದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯ 24ನೆಯ ಪ್ರಕರಣವು ಸ್ನಾನದ ಸ್ಥಳ, ಬಟ್ಟೆ ಇಡುವ ಜಾಗ, ಒದ್ದೆ ಬಟ್ಟೆ ಒಣಗಿಸುವ ಏರ್ಪಾಡುಗಳನ್ನೂ ಹೆಸರಿಸುತ್ತದೆ. (ಹಳೆಯ ಅಧಿನಿಯಮವು ಪೀಕದಾನಿ ಬಿಟ್ಟು ಬೇರೆಡೆ ಉಗುಳಿದವನಿಗೆ ಐದು ರೂಪಾಯಿ ಮೀರದ ದಂಡವನ್ನೂ ಇಟ್ಟಿತ್ತು, ಅದನ್ನು ಮಾತ್ರ ಎಲ್ಲ ಯಜಮಾನರೂ ನೆನಪಿಟ್ಟಿದ್ದರು.) ಅರುವತ್ತು ಮಂದಿಗೆ ಎರಡು ನಲ್ಲಿ, ಪಾಳಿ ಮುಗಿಯುವ ಹೊತ್ತಿಗೆ ಬರಿದಾದ ತೊಟ್ಟಿ, ವರ್ಷಕ್ಕೊಂದು ಜೊತೆ ಸಮವಸ್ತ್ರ, ಇಷ್ಟೇ ಇರುವಲ್ಲಿ ದೂರನ್ನು ಒಯ್ಯಬೇಕಾದದ್ದು ವ್ಯವಸ್ಥಾಪಕನ ಕೋಣೆಗೆ.

ಸೌಕರ್ಯವೆಲ್ಲ ಸರಿಯಾಗಿದ್ದೂ ತೊಂದರೆ ಉಳಿದರೆ, ಆಗ ಮಾತು. ಸಾಮಾನ್ಯವಾಗಿ ನಡೆಯುವುದು ಬೇರೆಯೇ: ಅವನು ಊಟದ ಡಬ್ಬಿ ಇಡುವ ಜಾಗದಲ್ಲಿ ಯಾರೋ ಸಾಬೂನು ಇಟ್ಟು ಹೋಗುತ್ತಾರೆ, ಅಡ್ಡಹೆಸರು ಕಟ್ಟುತ್ತಾರೆ, "ಎಲ್ಲರೂ ಸ್ನಾನ ಮಾಡಿ ಬರತಕ್ಕದ್ದು" ಎಂದು ಫಲಕದಲ್ಲಿ ಬರೆಯುತ್ತಾರೆ. ಯಾರನ್ನು ಕುರಿತು ಬರೆದದ್ದೆಂದು ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುತ್ತದೆ.

ಮಾತನ್ನು ನೇರವಾದ ಮೇಲಧಿಕಾರಿಯೊಬ್ಬನೇ ಆಡಬೇಕು. ಮಹಿಳಾ ನೌಕರರೊಡನೆ ಮಹಿಳೆಯೇ ಮಾತನಾಡುವುದು ಲೇಸು. ಸ್ಥಳ ಏಕಾಂತದ್ದಾಗಿರಲಿ. ಪಾಳಿಯ ಆರಂಭದಲ್ಲಿ ಹೇಳಿದರೆ ಆತ ಎಂಟು ಗಂಟೆಗಳ ಕಾಲ ಎಲ್ಲರ ಮುಂದೆ ಕುಗ್ಗಿ ದುಡಿಯಬೇಕಾಗುತ್ತದೆ. ಆದುದರಿಂದ ಪಾಳಿಯ ಕೊನೆಯೇ ತಕ್ಕ ಹೊತ್ತು. ಗುಜರಾತಿನಲ್ಲಿ ಗಂಡಸರ ಹೆಸರಿಗೆ 'ಭಾಯಿ', ಹೆಂಗಸರ ಹೆಸರಿಗೆ 'ಬೆನ್' ಸೇರಿಸಿ ಕರೆಯುವ ರೂಢಿಯಿದೆ. ಮಾತಿನ ಮೊದಲ ಪದದಲ್ಲಿಯೇ ಅಲ್ಲಿ ಗೌರವ ಬಂದುಬಿಡುತ್ತದೆ. ಬೆಂಗಳೂರಿನ ಪೀಣ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಅದರ ಕೆಲಸವನ್ನು ಬಹುವಚನ ಮಾಡಬೇಕು. ವಿಷಯವನ್ನು ಸುತ್ತಿಬಳಸದೆ ಹೀಗೆ ಹೇಳಬಹುದು: "ಅಣ್ಣ, ಒಂದು ಮಾತು, ಇದು ನಮ್ಮಿಬ್ಬರಲ್ಲೇ ಇರಲಿ. ಕೆಲವು ದಿನಗಳಿಂದ ನಿಮ್ಮ ಅಂಗಿಯಿಂದ ವಾಸನೆ ಬರುತ್ತಿದೆ. ಕೆಲಸದ ಪುಡಿ ಮೈಯಲ್ಲಿ ಉಳಿದರೆ ನಿಮಗೇ ಅಪಾಯ. ತೊಳೆದುಕೊಳ್ಳುವುದಕ್ಕೆ ಏನಾದರೂ ಅಡಚಣೆ ಇದೆಯೆ?" ಇಷ್ಟು ಹೇಳಿ ಸುಮ್ಮನಾಗಬೇಕು. ಬೇರೆಯವರು ದೂರಿದರೆಂದು ಹೇಳುವ ಅಗತ್ಯವಿಲ್ಲ.

ಆ ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ಅನೇಕ ವೇಳೆ ಮೇಲ್ವಿಚಾರಕನು ಊಹಿಸದಂಥವು. ಬಾಡಿಗೆಯ ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಇದ್ದು, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವನು ಪಾಳಿಯಲ್ಲಿರಬಹುದು. ಒಗೆದ ಸಮವಸ್ತ್ರ ಮಳೆಗಾಲದಲ್ಲಿ ಒಣಗದೇ ಇರಬಹುದು. ಬಣ್ಣ ಬಿಡಿಸಲು ಬ್ಲೀಚಿಂಗ್ ಪುಡಿಯಿಂದಲೋ ಸೀಮೆಎಣ್ಣೆಯಿಂದಲೋ ಕೈ ಉಜ್ಜಿ ಚರ್ಮ ಬಿರಿದಿದ್ದು, ನೀರು ಸೋಕಿದರೆ ಉರಿಯುತ್ತಿರಬಹುದು. ಇದು ಬಣ್ಣದ ಕಸುಬಿನ ಹಳೆಯ ದುರಭ್ಯಾಸ. ಕೈಗವಸು ಮತ್ತು ಸೌಮ್ಯವಾದ ಸಾಬೂನು ಕೊಡದೆ ಅದು ನಿಲ್ಲುವುದಿಲ್ಲ. ಕೆಲವರ ತೊಂದರೆ ಕಾಯಿಲೆಯದು. ವಸಡಿನ ರೋಗ, ಹತೋಟಿ ತಪ್ಪಿದ ಮಧುಮೇಹ, ಮೂತ್ರಪಿಂಡದ ವಿಕಾರ ಇವು ಉಸಿರಿನ ವಾಸನೆಯನ್ನೇ ಬದಲಿಸುತ್ತವೆ. ಎಷ್ಟು ಮಿಂದರೂ ಮೀನಿನ ವಾಸನೆ ಹೋಗದ ಒಂದು ಅಪರೂಪದ ಆನುವಂಶಿಕ ದೋಷವೂ ಉಂಟು. ಅಂಥವರಿಗೆ ಹೇಳಬೇಕಾದದ್ದು ಕಾರ್ಮಿಕ ರಾಜ್ಯ ವಿಮಾ ಆಸ್ಪತ್ರೆಯ ದಾರಿಯನ್ನು; ಅದಕ್ಕೆ ಬೇಕಾದ ರಜೆಯನ್ನೂ ಕೊಡಬೇಕು.

ಜಾತಿ, ಊರು, ಆಹಾರಗಳ ಹೆಸರು ಈ ಮಾತಿನಲ್ಲಿ ಸುಳಿಯಕೂಡದು. 'ಕೊಳಕು' ಎಂಬ ಪದವನ್ನು ನಮ್ಮ ಸಮಾಜ ಬಹುಕಾಲ ಮೈಗಲ್ಲ, ಹುಟ್ಟಿಗೆ ಅಂಟಿಸಿತ್ತು. ಕೊಳೆ ತೆಗೆಯುವ ಕೆಲಸವನ್ನು ಕೆಲವರಿಗೇ ಹಚ್ಚಿ, ಅವರನ್ನೇ ಕೊಳಕರೆಂದು ಕರೆದ ದೇಶದಲ್ಲಿ ಕೇಳುವವನ ಕಿವಿಗೆ ಆ ಪದ ಹೇಗೆ ಬೀಳುತ್ತದೆಂಬುದನ್ನು ಆಡುವವನು ಅರಿತಿರಬೇಕು. ಪರಿಶಿಷ್ಟ ಜಾತಿ ಪಂಗಡಗಳವರನ್ನು ಅವಮಾನಿಸುವ ಉದ್ದೇಶದಿಂದ ಹತ್ತು ಜನರ ಕಣ್ಣೆದುರು ನಿಂದಿಸುವುದು 1989ರ ದೌರ್ಜನ್ಯ ತಡೆ ಅಧಿನಿಯಮದಂತೆ ಅಪರಾಧ.

ಎರಡು ವಾರ ಬಿಟ್ಟು ಮತ್ತೊಮ್ಮೆ ವಿಚಾರಿಸಬೇಕು. ಸುಧಾರಿಸಿದ್ದರೆ ಒಂದು ಒಳ್ಳೆಯ ಮಾತು ಸಾಕು. ಇಲ್ಲವಾದರೆ ಅದೇ ಏಕಾಂತದಲ್ಲಿ, ಅದೇ ದನಿಯಲ್ಲಿ ಮತ್ತೆ ಕೇಳಬೇಕು. ಈ ಮಾತುಕತೆ ಯಾವ ಕಡತಕ್ಕೂ ಸೇರಬೇಕಾಗಿಲ್ಲ. ನಲ್ಲಿ ಕೆಟ್ಟಿದ್ದ ದಿನ, ಅದು ದುರಸ್ತಿಯಾದ ದಿನ, ಸಾಬೂನು ಹಂಚಿದ ದಿನ, ಇವನ್ನು ಮಾತ್ರ ರಿಜಿಸ್ಟರಿನಲ್ಲಿ ತಪ್ಪದೆ ಬರೆದಿಡತಕ್ಕದ್ದು.