ಇಬ್ಬರು ಗೆಳೆಯರು, ಒಂದು ಪುಸ್ತಕ
(ಜನವರಿ 2: ಸಂತ ಬೆಸಿಲ್ ಮತ್ತು ಸಂತ ಗ್ರೆಗೊರಿ ನಾಸಿಯಾನ್ಸನ್ ಅವರ ಸ್ಮರಣೆ)



ಹಬ್ಬದ ಗದ್ದಲ ಮುಗಿದಿದೆ. ನಿನ್ನೆ ದೇವಮಾತೆಯ ಮಹೋತ್ಸವವನ್ನೂ ಹೊಸ ವರ್ಷವನ್ನೂ ಒಟ್ಟಿಗೆ ಆಚರಿಸಿದೆವು. ನೆಂಟರು ಬಸ್ಸು ಹತ್ತಿದ್ದಾರೆ, ಗೋದಲಿಯ ಹುಲ್ಲು ಒಣಗಿದೆ, ಡಬ್ಬಿಯ ತಳದಲ್ಲಿ ನಾಲ್ಕು ಕಜ್ಜಾಯ ಉಳಿದಿದ್ದರೆ ಉಂಟು. ಇಂಥ ಸದ್ದಿಲ್ಲದ ದಿನವನ್ನು ಧರ್ಮಸಭೆ ಇಬ್ಬರು ಹಳೆಯ ಗೆಳೆಯರಿಗೆ ಮೀಸಲಿಟ್ಟಿದೆ. ಮೊದಲು ಇವರ ಹಬ್ಬಗಳು ಬೇರೆ ಬೇರೆ ದಿನಗಳಲ್ಲಿದ್ದವು. 1969ರಲ್ಲಿ ಪಂಚಾಂಗವನ್ನು ಪರಿಷ್ಕರಿಸಿದಾಗ ಇಬ್ಬರನ್ನೂ ಒಂದೇ ದಿನಕ್ಕೆ ತಂದರು.

ಗುರುಮಠದಲ್ಲಿ ನಾವು ಇವರನ್ನು ಓದಿದ್ದು ಪರಮ ತ್ರಿತ್ವದ ಪಾಠಕ್ಕಾಗಿ, ನಿಜ ಹೇಳಬೇಕೆಂದರೆ ಪರೀಕ್ಷೆಗಾಗಿ. ಇವರ ಗೆಳೆತನದ ಕಥೆಗೆ ಆಗ ನಾವು ಅಷ್ಟಾಗಿ ಗಮನ ಕೊಡಲಿಲ್ಲ. ನಾಲ್ಕನೆಯ ಶತಮಾನದ ಮಾತು. ಇಬ್ಬರೂ ಇಂದಿನ ಟರ್ಕಿ ದೇಶಕ್ಕೆ ಸೇರಿದ ಕಪದೋಕ್ಯ ಸೀಮೆಯವರು. ಓದಲು ಅಥೆನ್ಸ್ ನಗರಕ್ಕೆ ಹೋದರು. ಅಲ್ಲಿ ಹೊಸ ವಿದ್ಯಾರ್ಥಿಗಳನ್ನು ಗೋಳು ಹೊಯ್ದುಕೊಳ್ಳುವ ಪದ್ಧತಿ ಆಗಲೇ ಇತ್ತು. ರ್‍ಯಾಗಿಂಗ್ ನಮ್ಮ ಕಾಲದ್ದೇ ಅಲ್ಲ ನೋಡಿ! ಮೊದಲೇ ಅಲ್ಲಿದ್ದ ಗ್ರೆಗೊರಿ ಎಲ್ಲರಿಗೂ ಹೇಳಿ ಬೆಸಿಲನನ್ನು ಅದರಿಂದ ಉಳಿಸಿದ. ಗೆಳೆತನ ಅಲ್ಲಿಂದ ಗಟ್ಟಿಯಾಯಿತು. ಆ ದೊಡ್ಡ ಪಟ್ಟಣದಲ್ಲಿ ತಮಗೆ ಗೊತ್ತಿದ್ದದ್ದು ಎರಡೇ ದಾರಿ, ಒಂದು ದೇವಾಲಯಕ್ಕೆ, ಇನ್ನೊಂದು ಪಾಠಶಾಲೆಗೆ ಎಂದು ಗ್ರೆಗೊರಿ ಮುಂದೆ ನೆನೆದಿದ್ದಾರೆ.

ಓದು ಮುಗಿಸಿ ಬಂದ ಬೆಸಿಲ್ ಪೊಂತು ಸೀಮೆಯ ಹೊಳೆಯ ದಂಡೆಯಲ್ಲಿ ಏಕಾಂತವಾಸಕ್ಕೆ ಕುಳಿತರು. ಗ್ರೆಗೊರಿಯೂ ಹೋಗಿ ಕೆಲಕಾಲ ಜೊತೆಗಿದ್ದರು. ಜಪ, ಮೈಮುರಿ ದುಡಿಮೆ, ಶ್ರೀಗ್ರಂಥದ ಓದು. ಆಮೇಲೆ ಬರೆದ ಪತ್ರದಲ್ಲಿ ಗ್ರೆಗೊರಿ ಗೆಳೆಯನನ್ನು ಚೆನ್ನಾಗಿ ಛೇಡಿಸುತ್ತಾರೆ: ಆ ಗುಡಿಸಲಿಗೆ ಸೂರೂ ಇಲ್ಲ, ರೊಟ್ಟಿಗೆ ಹಲ್ಲೂ ಇಳಿಯದು, ನಿನ್ನ ತಾಯಿ ಊಟ ಕಳಿಸದಿದ್ದರೆ ನಾವು ಬದುಕುತ್ತಲೇ ಇರಲಿಲ್ಲ ಎಂಬ ಧಾಟಿಯಲ್ಲಿ. ಮುಂದಿನ ಪತ್ರದಲ್ಲೇ, ಆ ದಿನಗಳು ಮತ್ತೆ ಬಂದಾವೇ ಎಂದು ಹಂಬಲಿಸುತ್ತಾರೆ. ಒರಿಜೆನ್ ಎಂಬ ಹಿರಿಯ ಪಂಡಿತರ ಬರಹಗಳಿಂದ ಆಯ್ದ 'ಫಿಲೊಕಾಲಿಯ' ಎಂಬ ಸಂಗ್ರಹವನ್ನು ಇವರಿಬ್ಬರೂ ಸೇರಿ ಮಾಡಿದರೆಂಬುದು ಪರಂಪರೆಯ ಮಾತು. ಆ ಪುಸ್ತಕವನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸಂತರ ಚಿತ್ರಪಟದಂಥ ಕಥೆಯಾಗುತ್ತಿತ್ತು. ಆದರೆ 370ರಲ್ಲಿ ಬೆಸಿಲ್ ಸೆಜರೇಯದ ಧರ್ಮಾಧ್ಯಕ್ಷರಾದರು. ಚಕ್ರವರ್ತಿ ವಾಲೆನ್ಸ್ ಕಪದೋಕ್ಯವನ್ನು ಎರಡಾಗಿ ಒಡೆದ. ತಮ್ಮ ಕಡೆಯ ಬಲ ಕುಗ್ಗಬಾರದೆಂದು ಬೆಸಿಲ್ ಹೊಸ ಪೀಠಗಳನ್ನು ಹುಟ್ಟುಹಾಕಿ, ಸಾಸಿಮ ಎಂಬ ಊರಿಗೆ ಗ್ರೆಗೊರಿಯನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಮೂರು ದಾರಿ ಕೂಡುವ, ನೀರಿಲ್ಲದ, ಬರೀ ಧೂಳು ಮತ್ತು ಬಂಡಿಗಳ ಸದ್ದಿನ ಊರು. ತನ್ನನ್ನು ಗೆಳೆಯನೆಂದು ಕಾಣದೆ ಗಡಿಯ ಕಾವಲಿಗೆ ನಿಲ್ಲಿಸಿದನಲ್ಲ ಎಂಬ ನೋವು ಗ್ರೆಗೊರಿಗೆ ಕೊನೆಯವರೆಗೂ ಹೋಗಲಿಲ್ಲ. ಬೆಸಿಲರಿಗೆ ಸತ್ಯವಿಶ್ವಾಸ ಉಳಿಯಬೇಕಿತ್ತು; ಅದಕ್ಕಾಗಿ ಕೈಗೆ ಸಿಕ್ಕ ಗೆಳೆಯನನ್ನೇ ಬಳಸಿಕೊಂಡರು. ಉದ್ದೇಶ ದೊಡ್ಡದು, ಆದರೂ ನಮಗೆ ಗ್ರೆಗೊರಿಯ ಸಿಟ್ಟು ಅನ್ಯಾಯದ್ದೆಂದು ಅನ್ನಿಸುವುದಿಲ್ಲ.

ಪ್ರಿಯರೇ, ಒಂದೊಂದು ಧರ್ಮಕೇಂದ್ರದಲ್ಲೂ ಇಂಥ ಸಾಸಿಮಗಳಿವೆ. ಒಂದೇ ಬೆಂಚಿನಲ್ಲಿ ಕುಳಿತು ಜ್ಞಾನೋಪದೇಶ ಕಲಿತವರು ಇಂದು ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ಕೂರುತ್ತೇವೆ. ಕಾರಣ ಕೇಳಿದರೆ ಗದ್ದೆಯ ಬದು, ಹಬ್ಬದ ಲೆಕ್ಕ, ಸಮಿತಿಯ ಒಂದು ಸ್ಥಾನ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಒಂದು ವರ್ಗಾವಣೆಯ ಮಾತಿಗೆ, ಗುರುಮಠದಲ್ಲಿ ಒಂದೇ ದೀಪದ ಕೆಳಗೆ ಓದಿದ ಗೆಳೆಯನೊಡನೆ ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು. ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳಿರೆಂದು ಹೇಳುವ ಬಾಯಿ ಇದೇ. ಆ ಗಳಿಗೆಯಲ್ಲಿ ನಮ್ಮ ನೋಟ ಯಾರನ್ನು ದಾಟಿಹೋಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತಿರುತ್ತದೆ.

379ರಲ್ಲಿ ಬೆಸಿಲ್ ತೀರಿಕೊಂಡಾಗ ಗ್ರೆಗೊರಿ ಕಾಯಿಲೆ ಬಿದ್ದಿದ್ದರು, ಮಣ್ಣಿಗೂ ಬರಲಾಗಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಕಾನ್‌ಸ್ಟಾಂಟಿನೋಪಲ್‌ನ ಪೀಠವನ್ನು ಬಿಟ್ಟು ಬಂದು, ಸೆಜರೇಯದ ಜನರೆದುರು ಗೆಳೆಯನ ಸ್ಮರಣೆಯ ಪ್ರಬೋಧನೆ ಮಾಡಿದರು. ಬಹಳ ದೀರ್ಘವಾದ ಪ್ರಬೋಧನೆ, ನಮ್ಮ ಜನ ಗಡಿಯಾರ ನೋಡುವಷ್ಟು. ಅದರಲ್ಲಿ ಅಥೆನ್ಸ್ ಇದೆ, ಬೆಸಿಲರು ಬಡವರಿಗಾಗಿ, ಕುಷ್ಠರೋಗಿಗಳಿಗಾಗಿ ಕಟ್ಟಿದ ಆಶ್ರಯವಿದೆ, ಮತ್ತು ಸಾಸಿಮವೂ ಇದೆ. ಗೆಳೆಯನ ಎಲ್ಲವನ್ನೂ ಮೆಚ್ಚಿದ ಗ್ರೆಗೊರಿ, ಇದೊಂದನ್ನು ಮಾತ್ರ ಮೆಚ್ಚಲಾರೆ ಎಂದು ಸಭೆಯ ನಡುವೆ ಹೇಳಿಬಿಟ್ಟರು. ನೋವನ್ನು ಬಚ್ಚಿಡಲಿಲ್ಲ, ಅದಕ್ಕಾಗಿ ಪ್ರೀತಿಯನ್ನು ಕಡಿಮೆ ಮಾಡಲೂ ಇಲ್ಲ. ಸತ್ತವರ ಮೇಲೆ ಸುಳ್ಳು ಹೊಗಳಿಕೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಅದಾದ ಮೇಲೆ ಒಂದು ಪಾಸ್ಕ ಹಬ್ಬದ ಹೊತ್ತಿಗೆ, ತಿಯಾನದ ಧರ್ಮಾಧ್ಯಕ್ಷ ತೆಯೊದೋರರಿಗೆ ಗ್ರೆಗೊರಿ ಒಂದು ಕಾಣಿಕೆ ಕಳಿಸಿದರು. ಜೊತೆಗೆ ಚಿಕ್ಕ ಪತ್ರ: ಇದು ನಮ್ಮ ನೆನಪಿಗೆ, ಬೆಸಿಲರ ನೆನಪಿಗೂ ಹೌದು ಎಂಬ ಅರ್ಥದ್ದು. ಕಾಣಿಕೆ ಆ ಹಳೆಯ ಫಿಲೊಕಾಲಿಯ ಪುಸ್ತಕ.