ಬಾನಿನಿಂದ ಕಂಡ ಹಣ್ಣೆಲೆ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕೆಂಪೆಲೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಾವಿನ ತಳಿರು. ನಮ್ಮಲ್ಲಿ ಕೆಂಪು ಎಲೆಯ ಬಾಲ್ಯದ ಬಣ್ಣ. ಉತ್ತರದ ಶೀತದೇಶಗಳಲ್ಲಿ ಅದು ಎಲೆಯ ಮುಪ್ಪಿನ ಬಣ್ಣವೂ ಹೌದು. ಆ ಬಣ್ಣವನ್ನು ಕೃತಕ ಉಪಗ್ರಹಗಳು ನೂರಾರು ಕಿಲೋಮೀಟರುಗಳ ಎತ್ತರದಿಂದ ಹೇಗೆ ಓದುತ್ತವೆಂಬುದನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಅಮೆರಿಕದ ಪೂರ್ವಭಾಗದ ಅಪಲಾಚಿಯನ್ ಪರ್ವತಶ್ರೇಣಿಯಲ್ಲಿ ಗ್ರೇಟ್ ಸ್ಮೋಕಿ ಎಂಬ ಬೆಟ್ಟಗಳುಂಟು. ಅವು ಟೆನೆಸೀ, ನಾರ್ತ್ ಕ್ಯಾರೊಲೈನಾ ರಾಜ್ಯಗಳ ಗಡಿಯ ಮೇಲೆಯೇ ಹಬ್ಬಿವೆ. ಗಡಿನಾಡಿನವರಾದ ನಾವು ಇದಕ್ಕೆ ಬೆರಗಾಗಬೇಕಿಲ್ಲ. ಅವುಗಳಲ್ಲಿ ಅತ್ಯುನ್ನತವಾದ ಕುವೋಹಿ ಶಿಖರದ ಎತ್ತರ 2,025 ಮೀಟರು. ಮೂಲನಿವಾಸಿಗಳಾದ ಚೆರೋಕಿ ಜನರು ಕರೆಯುತ್ತಿದ್ದ ಈ ಹೆಸರು 2024ರಲ್ಲಿ ಅದಕ್ಕೆ ಮರಳಿ ದೊರೆಯಿತು. ಸಾವಿರ ಮೀಟರು ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದಷ್ಟೆ. ಆದುದರಿಂದ ಸೆಪ್ಟೆಂಬರಿನ ಕೊನೆಯಲ್ಲಿ ಮೇಲಣ ಇಳಿಜಾರುಗಳಲ್ಲಿ ಮೊದಲಾಗುವ ಬಣ್ಣವು ಮೆಲ್ಲಮೆಲ್ಲನೆ ಕೆಳಗಿಳಿದು, ಅಕ್ಟೋಬರಿನ ನಡುವಿನಿಂದ ನವೆಂಬರಿನ ಮೊದಲಿನೊಳಗೆ ತಪ್ಪಲನ್ನು ತುಂಬುವುದು. ತುತ್ತತುದಿಯಲ್ಲಿ ಮಾತ್ರ ಸೂಜಿಯೆಲೆಯ ನಿತ್ಯಹಸುರಿನ ಮರಗಳು ಹಾಗೆಯೇ ನಿಂತಿರುತ್ತವೆ.

ಎಲೆಯು ಸುಮ್ಮನೆ ಸಾಯುತ್ತದೆಂದು ಮಕ್ಕಳು ತಿಳಿಯಬಾರದು. ಹಗಲು ಕುಗ್ಗಿ ಚಳಿ ಹತ್ತಿರವಾದಂತೆ ಮರವು ಎಲೆಯ ಪತ್ರಹರಿತ್ತನ್ನು ಬಿಚ್ಚಿ, ಎಲೆಯಲ್ಲಿರುವ ಸಾರಜನಕ ಮೊದಲಾದುವನ್ನು ಕೊಂಬೆ ಕಾಂಡಗಳಿಗೆ ಹಿಂದೆಗೆದುಕೊಳ್ಳುವುದು. ಮನೆ ಬಿಡುವವರು ಪಾತ್ರೆಪಗಡ ಸಾಗಿಸುವಂತೆ! ಹಸುರು ಹೋದಾಗ ಒಳಗೆ ಮೊದಲೇ ಅಡಗಿದ್ದ ಹಳದಿ ಹೊರಗೆ ಕಾಣುವುದು. ಮೇಪಲ್ ಮೊದಲಾದ ಮರಗಳ ಕೆಂಪಾದರೋ ಆಗ ಹೊಸದಾಗಿ ಹುಟ್ಟಿದ್ದು. ನಮ್ಮ ಮಾವಿನ ತಳಿರನ್ನು ಕೆಂಪಾಗಿಸುವುದೂ ಅದೇ ಜಾತಿಯ ವರ್ಣದ್ರವ್ಯ.

ಉಪಗ್ರಹವು ಈ ಚೆಲುವನ್ನು ಕಾಣುವ ರೀತಿ ನಮ್ಮ ಕಣ್ಣಿನ ರೀತಿಯಲ್ಲ. ಹಸುರೆಲೆ ಕೆಂಪು ಬೆಳಕನ್ನು ಹೀರಿ, ಕೆಂಪಿನಾಚೆಗಿರುವ ಅವಗೆಂಪು ಕಿರಣಗಳನ್ನು ಬಹಳಷ್ಟು ಹಿಂದಕ್ಕೆ ಚೆಲ್ಲುವುದು. ಅವು ನಮಗೆ ಕಾಣಿಸವು. ಉಪಗ್ರಹ ಎರಡನ್ನೂ ಅಳೆಯುತ್ತದೆ. ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುವುದು. ಲೆಕ್ಕಕ್ಕಾಗಿ ಅವಗೆಂಪು 50, ಕೆಂಪು 5 ಎಂದಿಟ್ಟುಕೊಳ್ಳಿ: 45ನ್ನು 55ರಿಂದ ಭಾಗಿಸಿದರೆ ಸುಮಾರು 0.82. ಎಲೆ ಹಣ್ಣಾಗಿ ಅವು 30, 15 ಆದರೆ 0.33. ಸಂಖ್ಯೆ ಇಳಿಯಿತೆಂದರೆ ಎಲೆಯ ದುಡಿಮೆ ಮುಗಿಯುತ್ತ ಬಂತೆಂದು ಅರ್ಥ.

ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲ ಉಪಗ್ರಹ 1972ರ ಜುಲೈಯಲ್ಲಿ ಹಾರಿತು. ಇದೇ ಮಾಲೆಯಲ್ಲಿ 2013ರಲ್ಲಿ ಹಾರಿದ ಎಂಟನೆಯದು ಸುಮಾರು 705 ಕಿಲೋಮೀಟರು ಎತ್ತರದಿಂದ 30 ಮೀಟರು ಚೌಕವನ್ನು ಒಂದು ಚುಕ್ಕೆಯಾಗಿ ಕಾಣುವುದು. ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸ್ ಜಾಗ. ಆದರೆ ಅದೊಂದೇ ಆದರೆ ಅದೇ ಸ್ಥಳಕ್ಕೆ ಮರಳಲು 16 ದಿನ ಬೇಕು. ಆ ದಿನ ಮೋಡ ಕವಿದರೆ ಮಾಡುವುದೇನು? 1999ರಲ್ಲಿ ಹಾರಿದ ಟೆರ್ರಾ ಉಪಗ್ರಹದ ಮೋಡಿಸ್ ಉಪಕರಣವು ಭೂಮಿಯನ್ನು ಒಂದೆರಡು ದಿನಕ್ಕೊಮ್ಮೆ ನೋಡುವಂತೆ ರಚಿತವಾದುದು. ಅದರ ಅತಿ ಸಣ್ಣ ಚುಕ್ಕೆಯಾದರೋ ಹದಿನೈದು ಎಕ್ರೆಗೂ ಮಿಕ್ಕಿದ್ದು. ಹೀಗೆ ಒಂದಕ್ಕೆ ಸೂಕ್ಷ್ಮತೆ, ಇನ್ನೊಂದಕ್ಕೆ ಬೇಗ. ಎರಡನ್ನೂ ಕೂಡಿಸಿ ಓದಬೇಕಾಗುತ್ತದೆ.

ಇಷ್ಟೆಲ್ಲ ಶ್ರಮ ಬರಿಯ ನೋಟಕ್ಕಾಗಿ ಅಲ್ಲ. ಎಲೆ ಮರದಲ್ಲಿರುವಷ್ಟು ಕಾಲ ಮರ ನೆಲದ ನೀರನ್ನು ಸೆಳೆದು ಆವಿಯಾಗಿಸುತ್ತಿರುತ್ತದೆ. ಗಾಳಿಯ ಇಂಗಾಲವನ್ನೂ ಹಿಡಿದಿಡುತ್ತದೆ. ಬಿಸಿಯೇರಿದ ಶರತ್ಕಾಲದಲ್ಲಿ ಎಲೆ ಹಣ್ಣಾಗುವುದು ತಡವಾಗಬಹುದು, ಕಡು ಬರದಲ್ಲಿ ಬೇಗವೂ ಆಗಬಹುದು. ಒಂದು ವರ್ಷದ ಚಿತ್ರ ಇದಕ್ಕೆ ಸಾಲದು. ದಶಕಗಳ ಸಾಲನ್ನೇ ಇಟ್ಟು ನೋಡಬೇಕು. ತೋಟದ ತೊರೆಯನ್ನು ನಂಬಿ ಬದುಕುವ ಹಿರಿಯರಿಗೆ ಇದರ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಆದರೂ 22 ಸೆಂಟ್ಸಿನ ಚುಕ್ಕೆಯಲ್ಲಿ ಹಣ್ಣಾದುದು ಯಾವ ಮರವೆಂದು ಉಪಗ್ರಹ ತಾನಾಗಿ ಹೇಳಲಾರದು. ಅದನ್ನು ನೆಲದ ಮೇಲೆ ನಿಂತವರೇ ಹೇಳಬೇಕು. ಕೇರಳದ ಅನೇಕ ಶಾಲೆಗಳ ಮಕ್ಕಳು ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಒಂದೇ ಮರವನ್ನು ವಾರವಾರವೂ ನೋಡಿ ಚಿಗುರು, ಹೂ, ಕಾಯಿಗಳನ್ನು ಗುರುತಿಸಿಡುತ್ತಾರೆ. ಇಲ್ಲಿಗೆ ಬರುವ ಮೊದಲು, ಈ ಶಾಲೆಯ ಅಂಗಳದ ಮಾವು ಕಳೆದ ವರ್ಷ ಎಂದು ತಳಿರಿಟ್ಟಿತೆಂದು ಕೆಲವು ಮಕ್ಕಳನ್ನು ಕೇಳಿದೆವು. ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನಾವೂ ನೋಡಿರಲಿಲ್ಲ.